ಬರ್ಗಂಡಿಯಾಕಿ

ಪೂನಮ್ ನಮ್ಮ ಹಿತ್ತಲ ಖೋಲಿಗೆ ಬಾಡಿಗೆಗೆ ಬಂದ ಸ್ವಲ್ಪ ದಿನಕ್ಕೇ ಬೈಲಹೊಂಗಲದ ನಮ್ಮ ಓಣಿ ಆಕೆಗೊಂದು ಹೆಸರಿಟ್ಟುಬಿಟ್ಟಿತು: ವೈನ್ಸದಾಕಿ. ನಮ್ಮ ಕಡೆ ವೈನ್ಸ್ ಎಂದರೆ ಕಬ್ಬಿಣದ ಜಾಳಿಗೆ ಹಾಕಿಕೊಂಡ ಸೆರೆ ಅಂಗಡಿ. ಬೋರ್ಡಿನ ಮೇಲೆ ವೈನ್ಸ್ ಎಂದು ಬರೆದಿರುತ್ತದೆ, ಒಳಗೆ ಸಿಗುವುದು ಬ್ರಾಂಡಿ, ವಿಸ್ಕಿ. ದ್ರಾಕ್ಷಿಯ ವೈನ್ ಅಲ್ಲಿ ಕೇಳುವವರೇ ಇಲ್ಲ. ಪೂನಮ್ ಕಿತ್ತೂರಿನ ಹತ್ತಿರ ಹೈವೇ ಮೇಲಿನ ದೊಡ್ಡ ಹೋಟೆಲಿನಲ್ಲಿ ಊಟ ಬಡಿಸುವ ಕೆಲಸ ಮಾಡುತ್ತಿದ್ದಳು. ಬಸ್ಸಿನಲ್ಲಿ ಯಾರೋ ಕೇಳಿದ್ದಕ್ಕೆ, "ಈಗ ವೈನ್ ಕಲಿಯಾಕ ಹತ್ತೇನ್ರಿ" ಎಂದು ಇದ್ದದ್ದನ್ನು ಇದ್ದಂತೆ ಹೇಳಿದ್ದಳು. ಓಣಿಗೆ ಅಷ್ಟು ಸಾಕಾಯಿತು.

ನಮ್ಮ ಮನೆಯ ಯಜಮಾನಿಕೆ ನನ್ನ ಮೈದುನ ಶಂಕರೆಪ್ಪನದು, ಅವನ ಹೆಂಡತಿ ಸುಂದರವ್ವನದು. ನಮ್ಮವರು ತೀರಿಕೊಂಡ ಮೇಲೆ ಪಡಸಾಲೆಯ ಪಕ್ಕದ ಕೋಣೆ ನನ್ನದಾಯಿತು. ಮನೆ ತುಂಬ ಮಂದಿ ಇದ್ದಾರೆ. ಊಟಕ್ಕೆ ಕೂತಾಗ ಎಷ್ಟೋ ಮಾತು ಹರಿದಾಡುತ್ತವೆ, ನನ್ನ ತನಕ ಬರುವುದು ಉಪ್ಪಿನ ಬಟ್ಟಲು ಅತ್ತ ಸರಿಸಿರಿ ಎನ್ನುವ ಮಾತು ಮಾತ್ರ. ಅದಕ್ಕೇ ನಾನು ಬೆಳಗಾದರೆ ಹಿತ್ತಲ ಕಟ್ಟೆಗೆ ಹೋಗಿ ಕುಳಿತುಬಿಡುತ್ತಿದ್ದೆ.

ಸುಂದರವ್ವ ಒಂದು ದಿನ ಕಸಬರಿಗೆ ಹಿಡಿದುಕೊಂಡೇ ಬಂದಳು.

"ಅಕ್ಕಾರ, ಆ ವೈನ್ಸದಾಕಿ ಜೋಡಿ ಭಾಳ ಕುಂದರಬ್ಯಾಡ್ರಿ. ನಾಳೆ ಮಂದಿ ನಿಮ್ಮ ಬಾಯಾಗೂ ವಾಸನಿ ಬರತೈತಿ ಅಂತಾರ."

"ನನ್ನ ಬಾಯಿ ಹತ್ರ ಯಾರ ಬರತಾರವ್ವಾ, ವಾಸನಿ ನೋಡಾಕ?" ಎಂದೆ.

ಪೂನಮ್ ಹುಟ್ಟಿದ್ದು ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ. ಅಪ್ಪ ಸತ್ಯಪ್ಪ ಕಬ್ಬು ಕಡಿಯುವವ, ತಾಯಿ ಶೆಟ್ಟೆವ್ವ ಕಂಡವರ ಹೊಲದಲ್ಲಿ ಕಳೆ ತೆಗೆಯುವಾಕೆ. ಸಾಲೆಯಲ್ಲಿ ಹತ್ತನೇತ್ತ ಮುಗಿಸಿದ ಮೇಲೆ ಮಗಳನ್ನು ಸವದತ್ತಿಗೆ ಕೊಟ್ಟರು. ಗಂಡ ಟೆಂಪೋ ಓಡಿಸುತ್ತಿದ್ದ. ಮಕ್ಕಳಾಗಲಿಲ್ಲವೆಂದು ಆತ ಮತ್ತೊಬ್ಬಳನ್ನು ಮನೆಗೆ ತಂದಾಗ ಪೂನಮ್ ಜಗಳ ಮಾಡಲಿಲ್ಲ, ಬಟ್ಟೆಯ ಗಂಟು ಕಟ್ಟಿಕೊಂಡು ಬಸ್ ಹತ್ತಿದಳು. ತವರಿನಲ್ಲಿ ಅಣ್ಣನ ಹೆಂಡತಿಯ ಮೋರೆ ನೋಡಿ ಅಲ್ಲಿಯೂ ನಿಲ್ಲಲಿಲ್ಲ. ಹೋಟೆಲಿನಲ್ಲಿ ಮೊದಲು ತಾಟು ತೊಳೆದಳು, ಆಮೇಲೆ ಕೋಣೆಗಳ ಹಾಸಿಗೆ ಬಟ್ಟೆ ಬದಲಿಸಿದಳು. ಕಿವಿಯಿಂದ ಕೇಳಿ ಕೇಳಿಯೇ ಇಂಗ್ಲಿಷ್ ಕಲಿತು ಊಟದ ಹಾಲಿಗೆ ಬಂದಳು. ಆಕೆಯ ಖೋಲಿಯಲ್ಲಿ ಇದ್ದದ್ದು ಒಂದು ಚಾಪೆ, ಒಂದು ಒಲೆ, ಗೋಡೆಯ ಮೇಲೆ ಬುದ್ಧನ ಚಿತ್ರ. ಒಬ್ಬರೂ ಆಕೆಯನ್ನು ಕಾಣಲು ಬಂದದ್ದು ನಾನು ನೋಡಲಿಲ್ಲ.

ಆಕೆ ಬೆಳಿಗ್ಗೆ ಫೋನು ಕಿವಿಗಿಟ್ಟುಕೊಂಡು ಹಿತ್ತಲಲ್ಲಿ ಅಡ್ಡಾಡುತ್ತ ಏನೋ ವಟಗುಟ್ಟುತ್ತಿದ್ದಳು. ಜಪ ಇರಬೇಕು ಅಂದುಕೊಂಡಿದ್ದೆ.

"ಯಾವ ದೇವರ ಮಂತ್ರನವ್ವಾ ಅದು?"

"ದೇವರಲ್ರೀ ಆಯಿ, ದ್ರಾಕ್ಷಿ!" ಎಂದು ನಕ್ಕಳು.

ನಗುತ್ತಲೇ ಬಂದು ಪಕ್ಕದಲ್ಲಿ ಕುಳಿತು ಎಲ್ಲ ಹೇಳಿದಳು. ಆ ಹೋಟೆಲಿನ ಮಾಲೀಕರಿಗೆ ಗೋವಾದಲ್ಲಿ ಸಮುದ್ರದ ದಂಡೆಗೆ ಇನ್ನೊಂದು ಹೋಟೆಲು ಇದೆಯಂತೆ. ಹೊರದೇಶದ ಮಂದಿ ಬರುವ ಜಾಗ. ಅಲ್ಲಿ ವೈನ್ ಬಡಿಸುವ ಕೆಲಸಕ್ಕೆ ಒಬ್ಬರು ಬೇಕಾಗಿದ್ದಾರೆ. ದೀಪಾವಳಿ ದಾಟಿದ ಮೇಲೆ ಬೆಳಗಾವಿಯಲ್ಲಿ ಬಾಯಿಪರೀಕ್ಷೆ. ಪಾಸಾದರೆ ಗೋವಾ, ಇರಲು ಸ್ವಂತ ಕೋಣೆ. ಆಗದಿದ್ದರೆ ಮತ್ತೆ ಹಾಸಿಗೆ ಬಟ್ಟೆ.

"ಫ್ರಾನ್ಸ್ ದೇಶದ ವೈನ್ ಕೇಳತಾರಂತ್ರಿ. ಅಲ್ಲಿ ಬಾಟ್ಲಿ ಮ್ಯಾಲ ಊರ ಹೆಸರಷ್ಟ ಬರೀತಾರ, ಒಳಗಿನ ದ್ರಾಕ್ಷಿ ಹೆಸರು ಬರಿಯೂದಿಲ್ಲ. ಶಾಬ್ಲಿ ಅಂತಿದ್ರ ಅದು ಶಾರ್ಡನೇ ಅನ್ನೂ ದ್ರಾಕ್ಷಿ. ಬೊಜೊಲೇ ಅಂತಿದ್ರ ಗಾಮೇ. ಎಲ್ಲಾ ಕಲಸಿ ಹ್ವಾದಾವ, ಒಂದೂ ತಲ್ಯಾಗ ನಿಲ್ಲವೊಲ್ದು."

ನಾನು ಕನ್ನಡ ನಾಲ್ಕನೇತ್ತ ಕಲಿತವಳು. ಫ್ರಾನ್ಸ್ ಯಾವ ದಿಕ್ಕಿಗೆ ಎಂದೂ ಗೊತ್ತಿಲ್ಲ. ಆದರೆ ಆ ಮಾತು ಕೇಳಿದ ಕೂಡಲೇ ನನಗೆ ಅದು ಬಹಳ ಪರಿಚಯದ್ದು ಅನಿಸಿತು.

"ನನಗ ಈ ಓಣ್ಯಾಗ ಏನಂತಾರ?" ಎಂದು ಕೇಳಿದೆ.

"ಮುನವಳ್ಳಿಯಾಕಿ ಅಂತಾರ್ರಿ."

"ಮತ್ತ ನನ್ನ ಹೆಸರು?"

ಪೂನಮ್ ಬಾಯಿಗೆ ಕೈ ಇಟ್ಟುಕೊಂಡಳು. ಆಕೆ ಕೇಳಿರಲಿಲ್ಲ, ಆಕೆಯ ಮುಂದೆ ಯಾರೂ ಅಂದೂ ಇರಲಿಲ್ಲ.

"ಗುರುಬಸವ್ವ. ತವರೂರ ಹೆಸರು ಹೊರಗ, ನನ್ನ ಹೆಸರು ಒಳಗ. ನಿನ್ನ ಬಾಟ್ಲಿನೂ ಹಂಗ. ಸೊಸೆಂದ್ರು ಅಂತ ತಿಳಕೊ, ನೆನಪ ಉಳೀತೈತಿ."

ಆಕೆ ಫೋನು ಕೆಳಗಿಟ್ಟಳು. "ಸವದತ್ಯಾಗ ನನಗೂ ಸುರೇಬಾನದಾಕಿ ಅಂತಿದ್ರು. ಹೊಸಾಕಿ ಬಂದ ದಿನಾನ ನೋಡ್ರಿ, ಆಕಿಗೆ ಮಾತ್ರ ಹೆಸರು ಹಿಡದ ಕರದ್ರು" ಎಂದಳು. ಆಮೇಲೆ ತಾನೇ ತಿಳಿಯಾಗಿ, "ನಿಮಗ ಮೈದುನ ವೈನಿ ಅಂತಾರ, ನನಗ ಓಣ್ಯಾಗ ವೈನ್ಸದಾಕಿ ಅಂತಾರ. ನಾವಿಬ್ರೂ ಒಂದ ಅಂಗಡಿ ಸಾಮಾನು!" ಎಂದು ನಕ್ಕಳು. ನಮ್ಮಲ್ಲಿ ಅಣ್ಣನ ಹೆಂಡತಿಗೆ ವೈನಿ ಎನ್ನುವುದು ವಾಡಿಕೆ. ನಾನೂ ಬಹಳ ದಿನಗಳ ಮೇಲೆ ಸದ್ದು ಮಾಡಿ ನಕ್ಕೆ. ಒಳಗಿನಿಂದ ಸುಂದರವ್ವ ಹಣಿಕಿ ಹಾಕಿ ನೋಡಿ ಹೋದಳು.

ಅಂದಿನಿಂದ ನಮ್ಮ ಸಾಲೆ ಶುರುವಾಯಿತು. ಬೋರ್ಡೊ ಎಂಬ ವೈನಿನಲ್ಲಿ ಹಲವು ದ್ರಾಕ್ಷಿ ಬೆರೆತಿರುತ್ತವೆ, ಅದು ಕೂಡು ಮನೆತನ. ನದಿಯ ಒಂದು ದಂಡೆಗೆ ಕಾಬರ್ನೇ ಹಿರಿಸೊಸೆ, ಇನ್ನೊಂದು ದಂಡೆಗೆ ಮರ್ಲೋ.

"ಎರಡೂ ದಂಡಿಗೆ ಇಬ್ಬರೂ ಅದಾರೇನ?"

"ಅದಾರ್ರಿ. ಯಾರ ಮಾತು ನಡೀತೈತಿ ಅನ್ನೂದಷ್ಟ ಬ್ಯಾರೆ."

"ಹಂಗಾರ ನಮ್ಮದು ಸುಂದರವ್ವನ ದಂಡಿ" ಎಂದೆ.

ಆಲ್ಸಾಸ್ ಎಂಬ ಒಂದು ಸೀಮೆಯಲ್ಲಿ ಮಾತ್ರ ಬಾಟಲಿಯ ಮೇಲೆ ದ್ರಾಕ್ಷಿಯ ಹೆಸರನ್ನೇ ಬರೆಯುತ್ತಾರಂತೆ, ರೀಸ್ಲಿಂಗ್ ಎಂದು. "ಅಲ್ಲಿ ಕೊಡಬೇಕಿತ್ತು ನೋಡು ನಮ್ಮನ್ನ" ಎಂದೆ.

ವಾಸನೆ ಹಿಡಿಯುವುದನ್ನೂ ಕಲಿಯಬೇಕಿತ್ತು. ಒಂದು ವೈನಿಗೆ ಕರಿಮೆಣಸಿನ ವಾಸನೆ, ಇನ್ನೊಂದಕ್ಕೆ ಬೆಣ್ಣೆಯದು, ಶಾಬ್ಲಿಗೆ ಒದ್ದೆ ಕಲ್ಲಿನದು. ಪೂನಮ್ ನಮ್ಮ ಅಡುಗೆಮನೆಗೆ ಬರುವುದನ್ನು ಸುಂದರವ್ವ ಒಪ್ಪುತ್ತಿರಲಿಲ್ಲ. ಬಾಯಿಂದ ವೈನ್ ಎನ್ನುತ್ತಿದ್ದಳು, ಅದು ವೈನಿನ ಮಾತಲ್ಲ ಎಂಬುದು ನಮ್ಮಿಬ್ಬರಿಗೂ ತಿಳಿದಿತ್ತು. ನಾನೇ ತಾಟಿನಲ್ಲಿ ಮೆಣಸು, ಬೆಣ್ಣೆ, ಉತ್ತತ್ತಿ ಇಟ್ಟುಕೊಂಡು ಕಟ್ಟೆಗೆ ತರುತ್ತಿದ್ದೆ. ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ನೀರು ಚಿಮುಕಿಸಿದರೆ ಆಕೆ ಬಗ್ಗಿ, ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದಳು.

"ಬುದ್ಧನ ಮುಂದ ಕುಡಿಯೂದಿಲ್ಲ ಅಂತ ಆಣಿ ಮಾಡೀದಿ, ಮತ್ತ ಇದರ ರುಚಿ ಹೆಂಗ ನೋಡತೀ?"

"ಬಾಯಾಗ ಆಡಿಸಿ ಉಗುಳೂದ್ರಿ. ದೊಡ್ಡ ದೊಡ್ಡ ಸಾಹೇಬ್ರೂ ಹಂಗ ಮಾಡತಾರ."

"ಅಯ್ಯ, ಎಲಿ ಅಡಕಿ ಹಾಕ್ಕೊಂಡಂಗ!"

ಒಂದು ದ್ರಾಕ್ಷಿ ಮಾತ್ರ ಆಕೆಯನ್ನು ಬಹಳ ಕಾಡಿತು. ಅದರ ಹೆಸರು ಮೆಲೋನ್ ದ ಬೂರ್ಗೋನ್. ಬರ್ಗಂಡಿ ಎಂಬ ಸೀಮೆಯ ಮೆಲೋನ್ ಎಂದು ಅರ್ಥವಂತೆ. ಅದರಿಂದ ಮಸ್ಕದೇ ಎಂಬ ವೈನ್ ಆಗುತ್ತದೆ. ಪೂನಮ್ ಪ್ರತಿ ಸಲ ಅದನ್ನು ಬರ್ಗಂಡಿಗೇ ಸೇರಿಸಿ, ಫೋನಿನೊಳಗಿನ ಪಾಠ ತಪ್ಪು ಎಂದಾಗ ಹಣೆ ಬಡಿದುಕೊಳ್ಳುತ್ತಿದ್ದಳು.

"ಹುಚ್ಚಿ, ಬರ್ಗಂಡಿಯಾಕಿ ಅಂದಮ್ಯಾಲ ಆಕಿ ಬರ್ಗಂಡಿಯಾಗ ಹೆಂಗ ಇರತಾಳ? ಮುನವಳ್ಯಾಗ ನನಗ ಯಾರರ ಮುನವಳ್ಳಿಯಾಕಿ ಅಂತಿದ್ರೇನ? ಆ ಹೆಸರು ಬಿದ್ದದ್ದ ಇಲ್ಲಿಗೆ ಬಂದಮ್ಯಾಲ."

ಪೂನಮ್ ನನ್ನನ್ನೇ ನೋಡಿದಳು. "ಖರೇ ಐತ್ರೀ ಆಯಿ. ಬರ್ಗಂಡಿಯವ್ರು ಬ್ಯಾಡಂತ ಹೊರಗ ಹಾಕಿದ್ರಂತ. ಈಗ ಲ್ವಾರ್ ಅನ್ನೂ ಹೊಳಿ ಸಮುದ್ರಕ್ಕ ಕೂಡೂ ಕಡೆ ಬೆಳೀತೈತಿ."

"ಪಾಪ. ಸುಖದಿಂದ ಅದಾಳೇನ?"

"ಸಮುದ್ರದ ಗಾಳಿ, ಮೀನು ತಿನ್ನೂ ಮಂದಿ. ಅರಾಮ ಅದಾಳಂತ."

ಪರೀಕ್ಷೆಯ ದಿನ ಆಕೆ ಬೆಳಗಾವಿಯ ಬಸ್ಸಿಗೆ ಹೊರಟಾಗ ಮೊಸರು ಸಕ್ಕರೆ ಕೈಗೆ ಹಾಕಿದೆ. "ಅಲ್ಲಿಂದನ ನಿಮಗ ಫೋನ್ ಮಾಡತೇನ್ರಿ" ಎಂದಳು. ನನಗೆ ಸ್ವಂತ ಫೋನಿಲ್ಲ, ಮನೆಯ ನಂಬರೆಂದರೆ ಶಂಕರೆಪ್ಪನದೇ, ಅದನ್ನೇ ಬರೆದುಕೊಂಡು ಹೋದಳು. ದೇವರ ಮುಂದೆ ದೀಪ ಹಚ್ಚಿ, ಈಕಿ ಪಾಸಾಗಲಪ್ಪ ಎಂದು ಬೇಡಿಕೊಂಡೆ. ಬೇಡಿಕೊಂಡಾದ ಮೇಲೆ, ಪಾಸಾದರೆ ಏನಾಗುತ್ತದೆ ಎಂಬುದು ಹೊಳೆಯಿತು. ದೀಪದ ಮುಂದೆ ಹಾಗೇ ಕುಳಿತೆ.

ಸಂಜೆ ಶಂಕರೆಪ್ಪ ಬಂದ. "ಫೋನ್ ಏನರ ಬಂದಿತ್ತೇನಪಾ?" ಎಂದೆ. "ಇಲ್ಲ ವೈನಿ" ಎಂದ. ಮರುದಿನವೂ ಇಲ್ಲ ಎಂದ. ಆಕೆಯ ನಂಬರು ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ. ಪೂನಮ್ ತಿರುಗಿ ಬರಲಿಲ್ಲ. ಖೋಲಿಗೆ ಕೀಲಿ ಹಾಕಿದ್ದು ಹಾಕಿದಂತೆಯೇ ಇತ್ತು. ಫೇಲಾಗಿ ನಾಚಿಕೆಯಿಂದ ಸುರೇಬಾನಕ್ಕೆ ಹೋದಳೋ ಏನೋ ಎಂದು ನಾನು ಕಟ್ಟೆಯ ಮೇಲೆ ಕುಳಿತು ಕುದಿಯುತ್ತಿದ್ದೆ. ಸುಂದರವ್ವ ಮಾತ್ರ, "ಓಡಿ ಹೋಗಿರಬೇಕು ತಗೋರಿ" ಎಂದಳು.

ಹೀಗೇ ಸುಮಾರು ದಿನ ಕಳೆದ ಮೇಲೆ ಹೋಟೆಲಿನ ಡ್ರೈವರ್ ಪರಶು ಖೋಲಿಯ ಕೀಲಿ ಹಿಡಿದುಕೊಂಡು ಗಾಡಿ ತಂದ, ಪೂನಮ್‌ಳ ಸಾಮಾನು ಒಯ್ಯಲು. ಪಾಸಾಗಿದ್ದಾಳೆ, ಬೆಳಗಾವಿಯಿಂದ ಹಾಗೇ ಗೋವಾಕ್ಕೆ ಕರೆದುಕೊಂಡು ಹೋದರು ಎಂದ. ನನ್ನ ಮುಖ ನೋಡಿ ಏನನ್ನಿಸಿತೋ, ತಾನೇ ಫೋನು ಹಚ್ಚಿ ಕೈಗೆ ಕೊಟ್ಟ.

"ಆಯಿ!" ಎಂದು ಆಕೆ ಒದರಿದಳು. "ಅವತ್ತ ನನ್ನ ಫೋನಿನ ಚಾರ್ಜ್ ಮುಗದಿತ್ತು, ಬ್ಯಾರೇದವರ ಫೋನಿಂದ ಮಾಡಿದ್ದೆನ್ರಿ. ಯಾರೋ ರಾಂಗ್ ನಂಬರ್ ಅಂದು ಇಟ್ಟಬಿಟ್ರು. ನಾನ ನಂಬರ್ ತಪ್ಪ ಬರಕೊಂಡೇನಿ ಅಂದ್ಕೊಂಡೆ."

"ಯಾರನ್ನ ಕೇಳಿದಿ ನೀ?"

"ಗುರುಬಸವ್ವಾರಿಗೆ ಕೊಡ್ರಿ ಅಂದೆ."

ನನಗೆ ಮುಂದಿನದು ಅರ್ಧಂಬರ್ಧ ಕೇಳಿಸಿತು. ಆಕೆ ಪರೀಕ್ಷೆಯ ಸುದ್ದಿ ಹೇಳುತ್ತಿದ್ದಳು. ಮಸ್ಕದೇ ಕೇಳಿದರಂತೆ. ದ್ರಾಕ್ಷಿ ಬರ್ಗಂಡಿಯದೇನು ಎಂದು ಸಾಹೇಬರು ಬೇಕೆಂದೇ ಕೆಣಕಿದರಂತೆ. "ಅದು ಆಕಿ ತವರುಮನಿ ಸರ್, ಸಮುದ್ರದ ಕಡೆ ಕೊಟ್ಟಾರ" ಎಂದು ಕನ್ನಡ ಇಂಗ್ಲಿಷ್ ಕಲಸಿ ಹೇಳಿದಳಂತೆ. ಅವರು ಬಿದ್ದು ಬಿದ್ದು ನಕ್ಕರಂತೆ. ಅಷ್ಟರಲ್ಲಿ ಅತ್ತ ಯಾರೋ "ಪೂನಮ್, ಪೂನಮ್" ಎಂದು ಕೂಗಿದ್ದು ಕೇಳಿಸಿತು. "ಕೆಲಸ ಬಂತ್ರಿ, ಆಮ್ಯಾಲ ಮಾಡತೇನಿ" ಎಂದು ಆಕೆ ಇಟ್ಟಳು.

ಶಂಕರೆಪ್ಪನನ್ನು ಕೇಳಿದೆ. ಆತ ತಲೆ ಕೆರೆದುಕೊಂಡ. "ಹೌದ ವೈನಿ, ಪ್ಯಾಟ್ಯಾಗ ಹತ್ತಿ ಲಿಲಾವಿನ ಗದ್ದಲದಾಗ ಇದ್ದೆ, ಯಾರೋ ಗುರುಬಸವ್ವ ಅಂದ್ರು. ಯಾವ ಗುರುಬಸವ್ವ ಅಂತ ಇಟ್ಟಬಿಟ್ಟೆ. ನಿಮ್ಮ ಹೆಸರಂತ ತಲಿಗೆ ಹೊಳೀಲೇ ಇಲ್ಲ." ಆತ ಸುಳ್ಳು ಹೇಳುವ ಮನುಷ್ಯನಲ್ಲ. ನನಗೆ ಸಿಟ್ಟೂ ಬರಲಿಲ್ಲ.

ಪರಶು ಚಾಪೆ, ಒಲೆ, ಬುದ್ಧನ ಚಿತ್ರ ಎಲ್ಲ ಗಾಡಿಗೆ ಹಾಕಿದ. ಚಿತ್ರಕ್ಕೆ ನಾನೇ ನನ್ನದೊಂದು ಹಳೆಯ ಸೀರೆ ಸುತ್ತಿ ಕೊಟ್ಟೆ. ಗಾಡಿ ಹೋದ ಮೇಲೆ ಖೋಲಿಯ ಕಸ ಹೊಡೆದು ಕೀಲಿಯನ್ನು ಸುಂದರವ್ವನ ಕೈಗೆ ಕೊಟ್ಟೆ. ಮರುದಿನ ಬೆಳಿಗ್ಗೆ ಕಟ್ಟೆಗೆ ಹೋಗಿ ಕುಳಿತೆ. ಬಿಸಿಲು ನೆತ್ತಿಗೆ ಏರುವವರೆಗೆ ಯಾರೂ ನನ್ನನ್ನು ಕರೆಯಲಿಲ್ಲ.