ಹರವಿಗೆ ಮಣ್ಣು ಕೊಟ್ಟದ್ದು

ಕುವೈತಿನ ಫಿಂಟಾಸಿನಲ್ಲಿ ನಾವಿದ್ದ ಕಟ್ಟಡದ ಮುಂದೆ ಒಂದು ಬೋರೆ ಮರವಿತ್ತು. ನಮ್ಮ ಗದಗಿನ ಕಡೆ ಅದರ ಹಣ್ಣಿಗೆ ಬಾರಿಹಣ್ಣು ಎನ್ನುತ್ತೇವೆ, ಅಲ್ಲಿ ಕನಾರ್. ಕಂಪನಿ ಬಸ್ಸಿಗೆ ಕಾಯುವ ಕೂಲಿಯವರಿಗೆ ನೆರಳೆಂದು ಇದ್ದದ್ದು ಅದೊಂದೇ. ಆ ವರ್ಷ ಅದು ಒಣಗತೊಡಗಿತು. ರಸ್ತೆಯ ಆಚೆ ಬದಿಯ ವಿಲ್ಲಾಗಳ ಹುಲ್ಲಿಗೆ ಬಿಟ್ಟ ನೀರು ಹೆಚ್ಚಾಗಿ ಡಾಂಬರಿನ ಮೇಲೆ ಹರಿಯುತ್ತಿತ್ತು. ಈಚೆ ಬದಿಗೆ ಒಂದು ಹನಿಯಿಲ್ಲ. ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನಾನು ಸುರಿದ ಬಕೆಟ್ ನೀರು ನೋಡನೋಡುತ್ತ ಆರಿಹೋಗುತ್ತಿತ್ತು. ಅಷ್ಟರಲ್ಲಿ ಮಾಲೀಕರ ಕಡೆಯವನೊಬ್ಬ ಬಂದು, ಬೇಸಿಗೆ ಮುಗಿಯುವುದರೊಳಗೆ ಚಿಗುರದಿದ್ದರೆ ಕಡಿಸಿ ಕಾರು ನಿಲ್ಲಿಸಲು ಜಾಗ ಮಾಡುತ್ತೇನೆಂದು ಹೇಳಿ ಹೋದ.

ಕಟ್ಟಡ ಕಾಯುತ್ತಿದ್ದವರು ಸುಡಾನಿನ ಒಬ್ಬ ಮುದುಕರು. ನಾನು ಚಾಚಾ ಎನ್ನುತ್ತಿದ್ದೆ. ಅವರ ಮಾತು ಅರ್ಧ ಅರಬ್ಬಿ, ಅರ್ಧ ಹಿಂದಿ. ನನ್ನ ಹಿಂದಿಯೂ ಅಷ್ಟಕ್ಕಷ್ಟೇ. ಒಂದು ದಿನ ಮರ ತೋರಿಸಿ, ‘ಜೀರ್’ ಸಿಕ್ಕರೆ ಇದನ್ನು ಉಳಿಸುತ್ತೇನೆ ಎಂದರು. ಅವರೂರಿನ ಔಷಧಿ ಇರಬೇಕೆಂದುಕೊಂಡು ಅರ್ಧ ಕಿಲೋ ಜೀರಿಗೆ ಒಯ್ದು ಕೊಟ್ಟೆ. ಚಾಚಾ ಪೊಟ್ಟಣ ಮೂಸಿದರು, ಮರ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಗೋಡೆ ಹಿಡಿದುಕೊಂಡು ನಕ್ಕರು. ಅವರ ಭಾಷೆಯಲ್ಲಿ ಜೀರ್ ಎಂದರೆ ನೀರಿಡುವ ಮಣ್ಣಿನ ಗಡಿಗೆ. ಮರದ ಬುಡದಲ್ಲಿ ಅದನ್ನು ಕುತ್ತಿಗೆಯ ತನಕ ಹೂತು ನೀರು ತುಂಬಿದರೆ ಅದರ ಮೈಯಿಂದ ಜಿನುಗಿ ಸೀದಾ ಬೇರಿಗೆ ಸೇರುತ್ತದೆ. ಅವರಜ್ಜ ಹಾಗೆಯೇ ಗಿಡ ಬೆಳೆಸುತ್ತಿದ್ದರಂತೆ.

ಮಣ್ಣಿನ ಗಡಿಗೆ ಇದ್ದದ್ದು ನನ್ನ ಬಳಿ. ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ನಮ್ಮೂರ ಹರವಿ. ಫ್ರಿಜ್ಜಿನ ನೀರು ನನಗೆ ನೀರೇ ಅಲ್ಲ. ಎರಡು ದಿನ ಕಿವಿ ಕೇಳದವಳಂತೆ ಓಡಾಡಿದೆ. ಮೂರನೆಯ ದಿನ ಬಾಲ್ಕನಿಯಿಂದ ನೋಡಿದರೆ, ಒಬ್ಬ ಕೂಲಿಯವನು ಆ ಬೋಳು ಕೊಂಬೆಯ ನೆರಳಿಗೆ ತಲೆಯೊಡ್ಡಿ, ನೆರಳು ಸರಿದಂತೆ ತಾನೂ ಸರಿಯುತ್ತಿದ್ದ. ಹರವಿ ಎತ್ತಿಕೊಂಡು ಕೆಳಗಿಳಿದೆ.

ರಿಫೈನರಿಯಲ್ಲಿ ಕೆಲಸಕ್ಕಿದ್ದ ನಮ್ಮ ಯಜಮಾನರು ಡ್ಯೂಟಿ ಮುಗಿಸಿ ಬರುವಾಗ ಹರವಿಯ ಬಾಯಷ್ಟೇ ಮೇಲೆ ಕಾಣುತ್ತಿತ್ತು.

"ಕೂಸಿನಂಗ ತೊಡಿ ಮ್ಯಾಲೆ ಇಟ್ಕೊಂಡು ತಂದಾಕಿ, ಈಗ ನೀನ ಅದಕ್ಕ ಮಣ್ಣು ಕೊಟ್ಟಿಯಲ್ಲ," ಎಂದು ಹಂಗಿಸಿದರು. ನಾನು ಬಕೆಟ್ ಎತ್ತಿ ಅದರ ಬಾಯಿಗೆ ನೀರು ತುಂಬತೊಡಗಿದೆ.

ಚಾಚಾ ಬಸ್ಸಿಗೆ ಬರುವವರಿಗೆಲ್ಲ ಒಂದು ಪದ್ಧತಿ ಹಾಕಿದರು: ಬಾಟಲಿಯ ಕೊನೆಯ ಗುಟುಕು ಹರವಿಗೆ. ಬಿಸಿಲಲ್ಲಿ ಬೇಯುವವರನ್ನೇ ನೀರು ಕೇಳುವುದು ಯಾವ ನ್ಯಾಯ, ಆಚೆ ಬದಿಯವರನ್ನು ಕೇಳಬಾರದೇ ಎಂದು ರೇಗಿದೆ.

"ನಮ್ಮೂರಲ್ಲಿ ಮರ ನೆಟ್ಟವನದ್ದಲ್ಲ ಬೇಟಿ, ಅದರಡಿ ಕೂತವರದ್ದು," ಎಂದರು ಚಾಚಾ. "ನೀರು ಹಾಕಿದವನಿಗೆ, ಕಡಿಯಬೇಡ ಅನ್ನೋ ಹಕ್ಕಿರುತ್ತೆ."

ಬೇಸಿಗೆ ಮುಗಿಯುವ ಹೊತ್ತಿಗೆ ಕಿರುಬೆರಳುದ್ದದ ಚಿಗುರು ಬಂತು. ಮಾಲೀಕರ ಕಡೆಯವನೂ ಬಂದ, ಗರಗಸದವನನ್ನು ಕರೆದುಕೊಂಡೇ ಬಂದ. ಇದೂ ಒಂದು ಚಿಗುರೇ ಎಂದು ಮೂಗು ಮುರಿದ. ಬಸ್ಸಿಗೆ ಕಾಯುತ್ತಿದ್ದ ಕೂಲಿಯವರು ಬಾಯಿ ಬಿಡಲಿಲ್ಲ. ಇಕಾಮಾ, ಅಂದರೆ ಆ ದೇಶದಲ್ಲಿರುವ ಪರವಾನಗಿ, ಕೈತಪ್ಪೀತೆಂಬ ಹೆದರಿಕೆ ಇರುವವರು ಏನು ಮಾತಾಡಿಯಾರು? ಬಸ್ಸು ಬಂತು. ಒಬ್ಬೊಬ್ಬರೇ ಎದ್ದು, ಅವನೆದುರಿಗೇ ಬಾಟಲಿಯಲ್ಲಿ ಉಳಿದ ನೀರನ್ನು ಹರವಿಗೆ ಸುರಿದು, ಹೋಗಿ ಬಸ್ಸು ಹತ್ತಿದರು. ಕೊನೆಯವನು ಸುರಿಯುವ ತನಕ ಮಾಲೀಕರ ಕಡೆಯವನು ನೋಡುತ್ತಲೇ ನಿಂತಿದ್ದ. ಆಮೇಲೆ "ಖಲಾಸ್" ಎಂದ. ಮುಗಿಯಿತು ಎಂದು. ಮರದ ಕಥೆ ಮುಗಿಯಿತೆಂದೇ ನಾನು ತಿಳಿದೆ. ಆದರೆ ಅವನು ಹೇಳಿದ್ದು ಗರಗಸದವನಿಗೆ, ವಾಪಸ್ ನಡಿ ಎಂದು.

ಮರುದಿನ ಚಾಚಾ ನನ್ನ ಜೀರಿಗೆ ಪೊಟ್ಟಣ ವಾಪಸ್ ತಂದುಕೊಟ್ಟು, ಮರಕ್ಕೆ ಇನ್ನು ಔಷಧಿ ಬೇಡವಂತೆ ಎಂದರು. ಅದರ ಒಗ್ಗರಣೆ ಹಾಕಿದ ಸಾರನ್ನು ಅವರಿಗೂ ಒಂದು ಬಟ್ಟಲು ಕಳಿಸಿದೆ.

ಕುವೈತ್ ಬಿಡುವ ದಿನ, ಹರವಿ ತಗೊಂಡು ಹೋಗಂಗಿಲ್ಲೇನು ಎಂದು ಯಜಮಾನರು ಕೆಣಕಿದರು. ಟ್ಯಾಕ್ಸಿ ನಿಲ್ಲಿಸಿ ಇಳಿದು, ನನ್ನ ಬಾಟಲಿಯ ಕೊನೆಯ ಗುಟುಕನ್ನು ಅದಕ್ಕೆ ಸುರಿದು ಬಂದೆ. ಕಡಿಯಬೇಡ ಅನ್ನುವ ಹಕ್ಕು ನನಗೂ ಇರಲಿ ಅಂತ.