ಅಕ್ಕನ ಕೈಪೆ

ನನ್ನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ ಎಂದು ನಮ್ಮವರೆಲ್ಲ ಹೇಳುವುದುಂಟು. ಸುಳ್ಳೇನಲ್ಲ. ಮನಸ್ಸಿಗೆ ಬಂದದ್ದನ್ನು ಆಡಿ ಮುಗಿಸದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಅಂಥವಳು ಈಗ ಒಂದು ಮಾತನ್ನು ನುಂಗಿಕೊಂಡು ಕೂತಿದ್ದೇನೆ. ಅಕ್ಕ ಇದ್ದಿದ್ದರೆ ನಂಬುತ್ತಿರಲಿಲ್ಲ.

ಅಕ್ಕನ ಮನೆ ಡೊಂಬಿವ್ಲಿಯಲ್ಲಿ, ನನ್ನದು ಐರೋಳಿಯಲ್ಲಿ. ಇಬ್ಬರ ಆಫೀಸೂ ನಡುವಿನ ಠಾಣೆ ಊರಿನಲ್ಲಿ. ಸಂಜೆ ಅಲ್ಲಿಯ ರೈಲ್ವೆ ಸ್ಟೇಷನ್ನಿನ ಬೆಂಚಿನಲ್ಲಿ ಕೂತು, ನಮ್ಮ ನಮ್ಮ ದಿಕ್ಕಿನ ಗಾಡಿಯೊಂದನ್ನು ಬೇಕೆಂದೇ ಬಿಟ್ಟು, ಸ್ವಲ್ಪ ಹೊತ್ತು ಹರಟುತ್ತಿದ್ದೆವು. ಒಂದು ದಿನ ಅವಳು ಆಫೀಸಿನಲ್ಲಿ ಯಾರೋ ಕೊಟ್ಟ ಡಾರ್ಕ್ ಚಾಕಲೇಟ್ ತಂದಳು. ಒಂದು ತುಂಡು ಬಾಯಿಗೆ ಹಾಕಿಕೊಂಡೆ.

"ಎಂಥದು ಮಾರಾಯ್ತಿ ಇದು! ಕಷಾಯ ಗಟ್ಟಿ ಮಾಡಿದ್ದಾ?"

ಅಕ್ಕ ನಕ್ಕದ್ದಕ್ಕೆ ಪಕ್ಕದ ಬೆಂಚಿನವರು ತಿರುಗಿ ನೋಡಿದರು. "ಉಗುಳಬೇಡ, ಇರು. ಕೊನೆಗೆ ರುಚಿ ಬರ್ತದೆ," ಎಂದಳು. ಬಂತು. ಅಂದಿನಿಂದ ಅದಕ್ಕೆ ನಮ್ಮಿಬ್ಬರ ನಡುವೆ ಬೇರೆ ಹೆಸರೇ ಇರಲಿಲ್ಲ. ಕೈಪೆ. ತುಳುವಿನಲ್ಲಿ ಕಹಿ ಎಂದರ್ಥ. ಮಧ್ಯಾಹ್ನ ಫೋನ್ ಮಾಡಿ "ಇವತ್ತು ಕೈಪೆ ಉಂಟು" ಎಂದರೆ ಸಾಕು, ಬಾದಾಮಿ ತರುವ ಕೆಲಸ ನನ್ನದು. ಮೊದಲ ಸಲ ಅಮ್ಮ ಮಾಡುತ್ತಿದ್ದ ಹಾಗೆ ನೀರಲ್ಲಿ ಹಾಕಿಟ್ಟು, ಸಿಪ್ಪೆ ಸುಲಿದು ತಂದಿದ್ದೆ. "ಬಾಯಲ್ಲಿ ಎಳ್ಳು ನೆನೆಯದವಳು ಬಾದಾಮಿ ನೆನೆಸಿ ತಂದಿದ್ದಾಳೆ, ನೋಡಿ!" ಎಂದು ಆಡಿಕೊಂಡಳು. ಚಾಕಲೇಟಿನ ಜೊತೆಗೆ ಒಣ ಬಾದಾಮಿಯೇ ಆಗಬೇಕಂತೆ, ಕಟುಮ್ ಎನ್ನಬೇಕಂತೆ. ಆಮೇಲೆ ಒಣದನ್ನೇ ತಂದೆ.

ಅಕ್ಕನಿಗೆ ಕ್ಯಾನ್ಸರ್ ಎಂದು ತಿಳಿದ ಮೇಲೆ ಆ ಬೆಂಚು ತಪ್ಪಿತು. ಔಷಧಿ ಏರಿಸಿ ಏರಿಸಿ ಅವಳ ನಾಲಿಗೆ ಕೆಟ್ಟುಹೋಯಿತು. ಅನ್ನ ಕಹಿ, ನೀರು ಕಹಿ, ಚಹಾವಂತೂ ವಿಷ. ಭಾನುವಾರ ನಾನು ಹೋದಾಗ, ಮನೆಯವರು ಹೊರಗೆ ಹೋಗಿ ನಾವಿಬ್ಬರೇ ಉಳಿದ ಹೊತ್ತಿನಲ್ಲಿ ಮಾತ್ರ, ಚಾಕಲೇಟಿನ ಚೂರನ್ನು ಕಣ್ಣು ಮುಚ್ಚಿಕೊಂಡು ಚೀಪುತ್ತಿದ್ದಳು. ಬಾಯಿ ಹುಣ್ಣಾಗಿದ್ದರಿಂದ ಬಾದಾಮಿ ಮತ್ತೆ ನೆನೆಸಿದ್ದೇ ಆಗಬೇಕಾಯಿತು.

"ಅನ್ನಕ್ಕೆ ಕಹಿಯಾಗ್ಲಿಕ್ಕೆ ಎಂಥ ಹಕ್ಕುಂಟು ಹೇಳು? ಇದು ಮೊದಲಿಂದ್ಲೂ ಕಹಿಯೇ. ಮೋಸ ಇಲ್ಲ," ಎಂದಳು ಒಮ್ಮೆ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಅಕ್ಕನಿಗೆ ಒಬ್ಬಳೇ ಮಗಳು. ಡೊಂಬಿವ್ಲಿಯಲ್ಲೇ ಹುಟ್ಟಿದವಳು, ನನ್ನನ್ನು ಚಿಕ್ಕಮ್ಮ ಎನ್ನದೆ ಮರಾಠಿಯಲ್ಲಿ ಮಾವಶಿ ಎನ್ನುತ್ತಾಳೆ. ತುಳು ಅರ್ಥವಾಗುತ್ತದೆ, ಉತ್ತರ ಮಾತ್ರ ಮೂರು ಭಾಷೆಯ ಮಿಸಳಭಾಜಿ. ಕೆಲಸಕ್ಕೆ ರಜೆ ಹಾಕಿ, ಭಾನುವಾರ ನಾನಿದ್ದಷ್ಟು ಹೊತ್ತು ಬಿಟ್ಟರೆ, ತಾಯಿಯ ಹಾಸಿಗೆ ಬಿಟ್ಟು ಕದಲಲಿಲ್ಲ, ಪುಣ್ಯಾತ್ಗಿತ್ತಿ. ಡಾಕ್ಟರು ಇನ್ನು ಅವರಿಗೆ ಬೇಕೆನಿಸಿದ್ದು ಕೊಡಿ ಎಂದು ಮನೆಗೆ ಕಳುಹಿಸಿದ್ದರು. ಒಂದು ಮಧ್ಯಾಹ್ನ ಅವಳ ಫೋನ್ ಬಂತು.

"ಮಾವಶಿ, ಅಮ್ಮ ಬೆಳಿಗ್ಗೆಯಿಂದ ಕೈಪೆ, ಕೈಪೆ ಅಂತಿದ್ದಾಳೆ. ಬೇರೆ ಮಾತೇ ಇಲ್ಲ. ಬಾಯಿ ತುಂಬಾ ಕಡೂ, ಕಹಿ ಆಗಿದೆ, ಪಾಪ. ನಾನು ಜೇನು ಕೊಡ್ತಾ ಇದ್ದೀನಿ."

"ಅಯ್ಯೋ, ಹಾಗಲ್ಲ ಮಗಾ" ಎನ್ನುವಷ್ಟರಲ್ಲಿ "ಅಮ್ಮ ಕರೀತಾಳೆ" ಎಂದು ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ. ಆಫೀಸಿನ ಕೆಳಗಿನ ಅಂಗಡಿಯಲ್ಲಿ ಚಾಕಲೇಟ್ ಕೊಂಡು ಸ್ಟೇಷನ್ನಿಗೆ ಓಡಿದೆ. ಗಾಡಿ ದಿವಾ ಸ್ಟೇಷನ್ನಿಗೆ ಮೊದಲೇ ಸಿಗ್ನಲ್ ಸಿಗದೆ ನಿಂತಿತು. ಬಾಗಿಲಲ್ಲಿ ನಿಂತು ರೈಲ್ವೆಯವರಿಗೆ ಹಿಡಿಶಾಪ ಹಾಕಿದೆ. ಮುಷ್ಟಿಯಲ್ಲಿ ಚಾಕಲೇಟ್ ಮೆತ್ತಗಾಗುತ್ತಿತ್ತು.

ನಾನು ತಲುಪುವಷ್ಟರಲ್ಲಿ ಅಕ್ಕ ಇರಲಿಲ್ಲ. ತುಟಿಯ ಕೊನೆಯಲ್ಲಿ ಜೇನು ಅಂಟಿತ್ತು. ಹುಡುಗಿಯ ಕೈಯಲ್ಲಿ ಚಮಚ ಹಾಗೇ ಇತ್ತು.

"ಮುಖ ತಿರುಗಿಸ್ತಾ ಇದ್ದಳು ಮಾವಶಿ, ಆದರೂ ಕೊಟ್ಟೆ. ಮೀಠಾ ಒಳಗೆ ಹೋಯ್ತು. ಬಾಯಿ ಸಿಹಿ ಮಾಡಿ ಕಳಿಸಿದೆ. ಅಷ್ಟಾದರೂ ಮಾಡಿದೆ ಅಲ್ವಾ?"

ಹೇಳಬೇಕೆಂದು ಬಾಯಿ ತೆರೆದೆ. ನಿನ್ನ ಅಮ್ಮ ಸಂಕಟ ಹೇಳಿದ್ದಲ್ಲ, ಚಾಕಲೇಟ್ ಕೇಳಿದ್ದು. ಅವಳಿಗೆ ಬೇಕಿದ್ದದ್ದು ಕಹಿಯೇ ಎಂದು. ಹೇಳಿದರೆ ಈ ಮಗು ಜೀವಮಾನವಿಡೀ ಆ ಚಮಚವನ್ನು ಹೊತ್ತುಕೊಂಡು ತಿರುಗಬೇಕು. "ಹೌದು ಮಗಾ," ಎಂದೆ. ಚಾಕಲೇಟನ್ನು ಬ್ಯಾಗಿನ ತಳಕ್ಕೆ ತುರುಕಿದೆ.

ಉತ್ತರಕ್ರಿಯೆಯ ದಿನ ಭಾವ ಎಲೆ ಹಾಸಿ, ಅಕ್ಕನಿಗೆ ಇಷ್ಟದ ಬಂಗುಡೆ, ಕೋಳಿ, ನೀರುದೋಸೆ ಬಡಿಸಿದರು. ಹುಡುಗಿ ಪುಟ್ಟ ಬಟ್ಟಲಲ್ಲಿ ಜೇನು ಇಟ್ಟಳು. ನಾನು ಎಲೆಯ ತುದಿಗೆ ಕರಿ ಚಾಕಲೇಟಿನ ತುಂಡುಗಳನ್ನೂ ಒಂದು ಹಿಡಿ ಒಣ ಬಾದಾಮಿಯನ್ನೂ ಇಟ್ಟೆ. "ಇದೆಂಥ ಎಡೆ?" ಎಂದು ಭಾವ ಹುಬ್ಬೇರಿಸಿದರು. "ಸುಮ್ಮನಿರಿ ಭಾವ, ನಿಮ್ಮನ್ನು ಕೇಳಿಲ್ಲ," ಎಂದೆ.

ಹೋದವರು ಬಂದು ಉಣ್ಣಲಿ ಎಂದು ಬಾಗಿಲು ಹಾಕಿಕೊಂಡು ಹೊರಗೆ ನಿಲ್ಲುವುದು ನಮ್ಮ ಪದ್ಧತಿ. ಊರಲ್ಲಾದರೆ ಅಂಗಳವುಂಟು, ಇಲ್ಲಿ ಲಿಫ್ಟಿನ ಎದುರು, ಎಲ್ಲರ ಚಪ್ಪಲಿಗಳ ನಡುವೆ ನಿಂತೆವು. ಎದುರು ಮನೆಯಾಕೆ ಬೀಗದ ಕೈ ಒಳಗೇ ಉಳಿಯಿತೇ ಎಂದು ಕೇಳಿದರು. ಇಲ್ಲ ಎಂದೆ. ಒಳಗೆ ಅಕ್ಕ ಮೊದಲು ಯಾವುದಕ್ಕೆ ಕೈ ಹಾಕಿರಬಹುದು ಎಂದೇ ಯೋಚಿಸುತ್ತಿದ್ದೆ.

ಬಾಗಿಲು ತೆರೆದ ಮೇಲೆ ಎಲೆಯಲ್ಲಿದ್ದದ್ದನ್ನು ಹಂಚಿಕೊಂಡೆವು. ಹುಡುಗಿ ಚಾಕಲೇಟ್ ಬಾಯಿಗಿಟ್ಟು ಮುಖ ಹಿಂಡಿದಳು. "ಶೀ, ಕಿತೀ ಕಡೂ!" ಎಂದವಳು ಅಲ್ಲೇ ತಡೆದಳು. "ಕೈಪೆ…" ಎಂದು ಮೆಲ್ಲಗೆ ಹೇಳಿ, ನನ್ನ ಮುಖ ನೋಡಿದಳು. "ಮಾವಶಿ, ಅಮ್ಮ ಆ ದಿನ…"

"ಇದು ನನ್ನ ಚಟ ಮಗಾ," ಎಂದೆ. "ಅಕ್ಕನಿಗೆ ಇದು ಆಗ್ತಿರಲಿಲ್ಲ. ನೀನು ಕೊಟ್ಟ ಜೇನೇ ಅವಳಿಗೆ ಬೇಕಾದದ್ದು."

ಅವಳು ನನ್ನ ಹೆಗಲಿಗೆ ತಲೆಯಿಟ್ಟು ಬಿಕ್ಕಿದಳು. ನನ್ನ ಬಾಯಲ್ಲಿ ಆಗಲೇ ಹಾಕಿಕೊಂಡಿದ್ದ ಬಾದಾಮಿಯೊಂದಿತ್ತು. ಅವಳ ಅಳು ನಿಲ್ಲುವವರೆಗೂ ಅಗಿಯದೆ ಹಾಗೇ ಇಟ್ಟುಕೊಂಡೆ. ನೆನೆಯಿತು, ಅಕ್ಕಾ.