ವ್ಯಾನ್ ಡ್ರೈವರಿಗೆ ನಾನು ಕೊಡದ ಸರ್ಟಿಫಿಕೇಟು

ಆ ದಿನ ಬೆಳಿಗ್ಗೆಯಿಂದ ಜನರನ್ನು ನೋಡಿ ನೋಡಿ ಕಣ್ಣು ಉರಿಯುತ್ತಿತ್ತು. ಊಟದ ಹೊತ್ತು ಮೀರಿದರೂ ನೆಲಮಂಗಲದ ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಇನ್ನೂ ಇಬ್ಬರು ಉಳಿದಿದ್ದರು: ದಾಬಸ್‌ಪೇಟೆಯ ಕಾರ್ಖಾನೆಗೆ ಹೆಂಗಸರನ್ನು ಕರೆದೊಯ್ಯುವ ವ್ಯಾನಿನ ಡ್ರೈವರ್ ಮತ್ತು ಅವನ ಹೆಂಡತಿ. ಮದುವೆಯಾದಾಗಿನಿಂದ ಅವರಿಗೆ ನಾನೇ ಡಾಕ್ಟರು. ಅವನ ತಂದೆ ಕಣ್ಣು ಮುಚ್ಚಿದಾಗಲೂ ಪಕ್ಕದಲ್ಲಿ ನಾನಿದ್ದೆ.

"ಫಿಟ್ನೆಸ್ ಸರ್ಟಿಫಿಕೇಟ್ ಬೇಕಿತ್ತು ಸಾರ್, ಮಾಮೂಲು" ಎಂದ.

ಬಿಪಿ ಸರಿಯಿತ್ತು, ಕಣ್ಣೂ ಸರಿಯಿತ್ತು. ಪೆನ್ನು ತೆಗೆದುಕೊಂಡೆ. ಆಗ ಹೆಂಡತಿ ನೆಲ ನೋಡುತ್ತಾ ಹೇಳಿದಳು: "ಮೊನ್ನೆ ತಿಂಡಿ ತಿಂತಾ ಕೂತಿದ್ದೋರು ಹಂಗೇ ಬಿದ್ಬಿಟ್ರು ಸಾರ್. ಕೈಕಾಲು ಅದುರ್ತಿತ್ತು."

"ಸುಮ್ನಿರೇ. ತಲೆ ಸುತ್ತು ಬಂತು, ಅಷ್ಟೇ."

ಬಾಯಿ ತೆರೆಸಿದೆ. ನಾಲಿಗೆಯ ಅಂಚಿನಲ್ಲಿ ಹಲ್ಲು ಕಚ್ಚಿದ ಗಾಯ ಇನ್ನೂ ಮಾಗಿರಲಿಲ್ಲ. ಫಿಟ್ಸೇ.

ಒಮ್ಮೆ ಬಂದದ್ದು ಮತ್ತೆ ಬರದೆಯೂ ಇರಬಹುದು. ಅದನ್ನು ಖಚಿತವಾಗಿ ಹೇಳುವುದು ಯಾರಿಂದಲೂ ಆಗದು.

"ಬೆಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡ್ಸು. ಅಲ್ಲೀವರ್ಗೂ ಗಾಡಿ ಮುಟ್ಬೇಡ ಕಣಪ್ಪಾ. ಸರ್ಟಿಫಿಕೇಟ್ ಕೊಡಕ್ಕಾಗಲ್ಲ."

"ಬೇರೆ ಡಾಕ್ಟ್ರು ಕೊಡ್ತಾರೆ ಬಿಡಿ."

ಕೊಡುತ್ತಾರೆಂದು ನನಗೂ ಗೊತ್ತಿತ್ತು. ರೋಗಿ ನಂಬಿ ಹೇಳಿದ್ದನ್ನು ಹೊರಗೆ ಆಡಬಾರದು. ಆದರೆ ದಾಬಸ್‌ಪೇಟೆಯ ಹೆದ್ದಾರಿಯಲ್ಲಿ, ಲಾರಿಗಳ ನಡುವೆ, ಅವನ ಹಿಂದೆ ಕೂರುವ ಹೆಂಗಸರಲ್ಲಿ ಐದಾರು ಮಂದಿ ನನ್ನ ರೋಗಿಗಳೇ.

"ನಾಳೆ ಸಾಯಂಕಾಲದೊಳಗೆ ನೀನೇ ಕಾರ್ಖಾನೆ ಮ್ಯಾನೇಜರ್‌ಗೆ ಹೇಳು. ಹೇಳ್ಲಿಲ್ಲ ಅಂದ್ರೆ ನಾನೇ ಫೋನ್ ಮಾಡ್ತೀನಿ."

"ನಮ್ಮೋರು ಅಂದ್ಕೊಂಡಿದ್ದೆ ಸಾರ್ ನಿಮ್ಮನ್ನ" ಎಂದು ಎದ್ದುಹೋದ. ನನಗೆ ಊಟ ಸೇರಲಿಲ್ಲ.

ಮಾರನೆಯ ದಿನ ಎಷ್ಟೋ ಸಲ ಫೋನು ಕೈಗೆತ್ತಿಕೊಂಡು ಕೆಳಗಿಟ್ಟೆ. ಐದು ಗಂಟೆಗೆ ಅವನ ಹೆಂಡತಿಯೇ ಕರೆ ಮಾಡಿದಳು. ಅವನೇ ಹೇಳಿದ್ದನಂತೆ. ಕಾರ್ಖಾನೆಯವರು ವ್ಯಾನಿನ ಕೀಲಿಕೈ ತೆಗೆದುಕೊಂಡು ಅವನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದ್ದರು.

ಹಟ ಮಾಡಿ ಅವನು ಸ್ಕ್ಯಾನಿಗೆ ಹೋಗಲಿಲ್ಲ. ಮೂರು ತಿಂಗಳ ಮೇಲೆ ಅಲ್ಲಿಯೇ, ರಟ್ಟಿನ ಪೆಟ್ಟಿಗೆಗಳ ಮಧ್ಯೆ ಮತ್ತೆ ಬಿದ್ದ. ಪೆಟ್ಟೇನೂ ಆಗಲಿಲ್ಲ. ಆಮೇಲೆ ಬೆಂಗಳೂರಿನಲ್ಲಿ ಮಾತ್ರೆ ಶುರುವಾಯಿತು. ವಿಷಯ ಕೇಳಿದ ಸ್ನೇಹಿತರೊಬ್ಬರು, "ನೀವು ಮಾಡಿದ್ದೇ ಸರಿಯಾಯ್ತು ನೋಡಿ" ಎಂದರು. ನನಗೆ ಸಮಾಧಾನವಾಗಲಿಲ್ಲ. ಅವನು ಮತ್ತೆ ಬೀಳದೆಯೇ ಇದ್ದಿದ್ದರೂ ನಾನು ಹಾಗೆಯೇ ಮಾಡಬೇಕಿತ್ತು. ಆಗ ಊರೆಲ್ಲ ನನ್ನನ್ನು ಬೈಯುತ್ತಿತ್ತು, ಅಷ್ಟೇ.

ಈಗ ಮಕ್ಕಳಿಗೆ ಕೆಮ್ಮು, ಜ್ವರ ಬಂದರೆ ಹೆಂಡತಿ ಮಾತ್ರ ಬರುತ್ತಾಳೆ. ಹೇಗಿದ್ದಾನೆಂದು ಕೇಳುತ್ತೇನೆ.

"ಚೆನ್ನಾಗಿದಾರೆ ಸಾರ್. ಬನ್ನಿ ಅಂದ್ರೆ, ನೀನೇ ಹೋಗು ಅಂತಾರೆ."